ಕೊಳವೆಗೆ ಬರುವ ಮುಪ್ಪು

ಹಳತಾಗುವುದಕ್ಕೆ ಕನ್ನಡದಲ್ಲಿ ಒಂದೇ ಮಾತಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಟ್ಟೆ ಜೀರ್ಣವಾಗುತ್ತದೆ, ನೇಗಿಲ ಕುಳ ಸವೆಯುತ್ತದೆ, ಮರ ಲಡ್ಡಾಗುತ್ತದೆ, ಹಣ್ಣು ಮಾಗಿ ಕೊಳೆಯುತ್ತದೆ. ‘ಮುಪ್ಪು’ ಎಂಬ ಮಾತನ್ನು ಮಾತ್ರ ಹಿರಿಯರು ಉಸಿರಾಡುವ ಜೀವಕ್ಕೆಂದು ಮೀಸಲಾಗಿಟ್ಟರು. ತುಕ್ಕು ಹಿಡಿಯಲು ಗಾಳಿ ನೀರುಗಳು ಬೇಕು, ಸವೆಯಲು ಉಜ್ಜಾಟ ಬೇಕು, ಕೊಳೆಯಲು ಹುಳು ಹುಪ್ಪಟೆ ಬೇಕು. ಮುಪ್ಪಿಗೆ ಮಾತ್ರ ಹೊರಗಿನ ಶತ್ರು ಬೇಕಿಲ್ಲ. ಕಾಲವೊಂದೇ ಸಾಕು. ಹೀಗೆ ಹೊರಗಿನ ಯಾವ ಕೈವಾಡವೂ ಇಲ್ಲದೆ, ಸುಮ್ಮನೆ ಇದ್ದಲ್ಲಿಯೇ ಇದ್ದು, ಕಾಲಮಾತ್ರದಿಂದ ಬದಲಾಗುವ ನಿರ್ಜೀವ ವಸ್ತುವೊಂದು ಮನೆಮನೆಯಲ್ಲಿಯೂ ಹೊಲಹೊಲದಲ್ಲಿಯೂ ಇದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು. ಆ ವಸ್ತು ಪ್ಲಾಸ್ಟಿಕ್.

ಕಲಬುರಗಿ ಜಿಲ್ಲೆಯ ಯಡ್ರಾಮಿಯು ಜೇವರ್ಗಿಯಿಂದ ಬೇರ್ಪಟ್ಟು ೨೦೧೮ರಲ್ಲಿ ಸ್ವತಂತ್ರ ತಾಲ್ಲೂಕಿನ ಕೇಂದ್ರವಾದ ಊರು. ತತ್ತ್ವಪದಕಾರ ಕಡಕೋಳ ಮಡಿವಾಳಪ್ಪನವರು ಓಡಾಡಿದ ನೆಲ. ಸುತ್ತಲೂ ಎರೆಭೂಮಿ, ತೊಗರಿ, ಜೋಳ, ಹತ್ತಿಗಳ ಬೆಳೆ. ಬೇಸಿಗೆಯ ನಡುವೆ ನೆರಳಿನ ಉಷ್ಣತೆಯೇ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಇಲ್ಲಿ ಸಾಮಾನ್ಯ. ಬಿಸಿಲಿಗೇ ಬಿದ್ದ ವಸ್ತುವಿನ ಮೈಯಂತೂ ಗಾಳಿಗಿಂತ ಎಷ್ಟೋ ಡಿಗ್ರಿ ಹೆಚ್ಚು ಕಾಯುತ್ತದೆ. ಇಂಥ ನಾಡಿನಲ್ಲಿ ಬಾವಿಯ ನೀರು ಹೊಲಕ್ಕೆ ಹರಿಯುವುದೂ ಊರ ತೊಟ್ಟಿಯ ನೀರು ಓಣಿಗೆ ಬರುವುದೂ ಬಹುಮಟ್ಟಿಗೆ ಪ್ಲಾಸ್ಟಿಕ್ ಕೊಳವೆಗಳ ಮೂಲಕ. ೨೦೧೯ರಲ್ಲಿ ಕೇಂದ್ರ ಸರ್ಕಾರವು ಹಳ್ಳಿಯ ಮನೆಮನೆಗೂ ನಲ್ಲಿಯ ನೀರು ಒದಗಿಸುವ ಜಲಜೀವನ್ ಯೋಜನೆಯನ್ನು ಆರಂಭಿಸಿದ ಮೇಲೆ ನೆಲದೊಳಗಿನ ಕೊಳವೆಗಳ ಜಾಲ ಇನ್ನಷ್ಟು ಹಬ್ಬಿತು. ಕೊಳವೆ ಒಡೆದರೆ ಮುಂದಿನ ಫಸಲು ಒಣಗಬಹುದು. ಕೇರಿಗೆ ಕೇರಿಯೇ ಕೊಡ ಹೊತ್ತು ಅಲೆಯಬೇಕಾಗಬಹುದು. ಆದುದರಿಂದ ಕೊಳವೆಯ ಆಯುಷ್ಯವೆಂಬುದು ಪಂಡಿತರಿಗೆ ಮಾತ್ರ ಸೇರಿದ ವಿಷಯವಲ್ಲ.

ಇಂಥ ಊರುಗಳ ಅಂಗಡಿಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಡೆಯಬಹುದಾದ ಮಾತುಕತೆ ಹೀಗಿರುತ್ತದೆ:

“ಏನ್ರೀ ಸಾವಕಾರ್ರ, ಪೈಪಿನ ಮ್ಯಾಲ ಇಷ್ಟ್ ಧೂಳ ಕುಂತದಲ್ರೀ, ಹಳೇವು ಅದಾವೇನು?”

“ಹಳೇವು ಹ್ಯಾಂಗ ಆಗ್ತಾವ್ರೀ ಗೌಡ್ರ? ಒಂದ್ ಹನಿ ನೀರು ಸೈತ ಹರದಿಲ್ಲ ಅದರಾಗ!”

ಬಳಸದ ವಸ್ತು ಹಳತಾಗದು ಎಂಬ ಸಾವಕಾರರ ನಂಬಿಕೆ ಲೋಕದಲ್ಲೆಲ್ಲ ಇರುವಂಥದೇ. ಕಬ್ಬಿಣದ ಗುದ್ದಲಿಯ ವಿಷಯದಲ್ಲಿ ಅದು ಅರ್ಧ ನಿಜ. ಪಿ.ವಿ.ಸಿ. ಕೊಳವೆಯ ವಿಷಯದಲ್ಲಿ ಅದು ನಿಜವಲ್ಲ. ಕಾರ್ಖಾನೆಯಲ್ಲಿ ಅಚ್ಚಿನಿಂದ ಹೊರಬಿದ್ದು ತಣ್ಣಗಾದ ಗಳಿಗೆಯಿಂದಲೇ ಆ ಕೊಳವೆಯ ವಯಸ್ಸು ಲೆಕ್ಕಕ್ಕೆ ಬರುತ್ತದೆ.

ಇದು ಹೇಗೆಂದು ತಿಳಿಯಬೇಕಾದರೆ ಪ್ಲಾಸ್ಟಿಕ್ಕಿನ ಒಳಗನ್ನು ನೋಡಬೇಕು. ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಕೊಂಡಿಯಾಗಿ ಬೆಸೆದ ನೀಳ ಸರಪಳಿ. ಪಿ.ವಿ.ಸಿ.ಯ ಸರಪಳಿಯಲ್ಲಿ ಇಂಗಾಲ, ಜಲಜನಕಗಳ ಜೊತೆಗೆ ಕ್ಲೋರಿನ್ನೂ ಇದೆ. ತೂಕದಲ್ಲಿ ನೂರಕ್ಕೆ ಸುಮಾರು ೫೭ ಪಾಲು ಕ್ಲೋರಿನ್ನೇ. ಬಿಸಿಯಾಗಿ ಮೆತ್ತಗಿರುವಾಗ ಈ ಸರಪಳಿಗಳು ಬುಟ್ಟಿಯೊಳಗಿನ ಹಾವುಗಳಂತೆ ಸದಾ ಹೊರಳಾಡುತ್ತಿರುತ್ತವೆ. ತಣಿಯುತ್ತ ಬಂದಂತೆ ಹೊರಳಾಟ ನಿಧಾನವಾಗುತ್ತದೆ. ಒಂದು ನಿರ್ದಿಷ್ಟ ಉಷ್ಣತೆಯ ಸುಮಾರಿನಲ್ಲಿ ಅವು ಇದ್ದಕ್ಕಿದ್ದಂತೆ ಮರಗಟ್ಟಿದಂತಾಗಿ ನಿಲ್ಲುತ್ತವೆ. ಅದಕ್ಕೆ ವಿಜ್ಞಾನಿಗಳು ಗಾಜಾಗುವ ಉಷ್ಣತೆ ಎನ್ನುತ್ತಾರೆ. ಕಿಟಕಿಯ ಗಾಜಿನಲ್ಲಿರುವಂತೆಯೇ ಇಲ್ಲಿಯೂ ಅಣುಗಳಿಗೆ ಸಾಲುಸಾಲಾದ ಜೋಡಣೆ ಇಲ್ಲ. ಸಿಕ್ಕಸಿಕ್ಕಂತೆ ನಿಂತ ಗೊಂದಲವೇ ಗಟ್ಟಿಯಾಗಿದೆ. ಗಟ್ಟಿ ಪಿ.ವಿ.ಸಿ.ಗೆ ಈ ಉಷ್ಣತೆ ಸುಮಾರು ೮೦ ಡಿಗ್ರಿ, ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೆ ಸುಮಾರು ೭೦, ಪಾಲಿಸ್ಟೈರೀನಿಗೆ ಸುಮಾರು ೧೦೦, ಪಾಲಿಕಾರ್ಬೊನೇಟಿಗೆ ಸುಮಾರು ೧೫೦ ಡಿಗ್ರಿ ಸೆಂಟಿಗ್ರೇಡ್.

ಕಾರ್ಖಾನೆಯಲ್ಲಿ ಬಿಸಿ ಕೊಳವೆಯನ್ನು ನೀರಿನಲ್ಲಿ ಹಾಯಿಸಿ ಬೇಗನೆ ತಣಿಸುತ್ತಾರೆ. ಆ ಅವಸರದಲ್ಲಿ ಸರಪಳಿಗಳಿಗೆ ನೆಮ್ಮದಿಯಾಗಿ ಕೂರಲು ಸಮಯ ದೊರೆಯುವುದಿಲ್ಲ. ಸಂತೆಗೆ ಹೊರಟ ಬಸ್ಸಿಗೆ ಜನ ಮುಗಿಬಿದ್ದು ಹತ್ತಿ, ಕಂಡಕಂಡಲ್ಲಿ ನಿಂತಂತೆ ಅವುಗಳ ಪಾಡು. ನಡುನಡುವೆ ಬೇಕಾದುದಕ್ಕಿಂತ ಹೆಚ್ಚು ತೆರಪು ಉಳಿದುಬಿಡುತ್ತದೆ. ನೋಡುವವರಿಗೆ ಕೊಳವೆ ಗಟ್ಟಿಯಾಗಿದೆ. ಒಳಗಿನ ಸರಪಳಿಗಳಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಗಾಜಾಗುವ ಉಷ್ಣತೆಗಿಂತ ಕೆಳಗೂ ಅವುಗಳ ಸಣ್ಣ ತುಣುಕುಗಳು ಅಲ್ಪಸ್ವಲ್ಪ ಮಿಸುಕುತ್ತಲೇ ಇರುತ್ತವೆ. ಮಿಸುಕಿ ಮಿಸುಕಿ ತೆರಪನ್ನು ತುಂಬಿಕೊಳ್ಳುತ್ತ ಬರುತ್ತವೆ. ಇದೇ ಪಾಲಿಮರ್‌ಗಳ ಭೌತಿಕ ಮುಪ್ಪು.

ಜೋಳ ಅಳೆಯುವವರಿಗೆ ಈ ಸಂಗತಿ ಹೊಸದಲ್ಲ. ಚೀಲಕ್ಕೆ ಜೋಳವನ್ನು ಸುರಿದಾಗ ಅದು ಬಾಯಿಯವರೆಗೂ ತುಂಬಿದಂತೆ ಕಾಣುತ್ತದೆ. ಎರಡು ಸಲ ಎತ್ತಿ ಕುಕ್ಕಿದರೆ ಕಾಳು ನಾಲ್ಕು ಬೆರಳು ಇಳಿಯುತ್ತದೆ. ಮತ್ತೆ ಹತ್ತು ಸಲ ಕುಕ್ಕಿದರೆ ಎರಡು ಬೆರಳು ಇಳಿದೀತು. ಆಮೇಲೆ ಎಷ್ಟು ಕುಕ್ಕಿದರೂ ಇಳಿಯುವುದು ಕೂದಲೆಳೆಯಷ್ಟೇ. ಆದರೆ ಇಳಿಯುವುದು ಪೂರ್ತಿ ನಿಲ್ಲುವುದೂ ಇಲ್ಲ. ಕಾಳುಗಳು ಒತ್ತಾದಷ್ಟೂ ಒಂದು ಕಾಳು ಹೊರಳಲು ಅಕ್ಕಪಕ್ಕದ ಹಲವು ಕಾಳುಗಳು ಜಾಗ ಬಿಡಬೇಕಾಗುತ್ತದೆಯಲ್ಲವೆ? ಪಾಲಿಮರ್ ಸರಪಳಿಗಳ ಕಥೆಯೂ ಹೀಗೆಯೇ. ಇಲ್ಲಿ ಚೀಲವನ್ನು ಕುಕ್ಕುವ ಕೈ ಎಂದರೆ ಶಾಖ. ಮೊದಲನೆಯ ದಿನದಿಂದ ಹತ್ತನೆಯ ದಿನದವರೆಗೆ ಎಷ್ಟು ಮುಪ್ಪು ಬರುವುದೋ, ಹತ್ತರಿಂದ ನೂರನೆಯ ದಿನದವರೆಗೂ ಹೆಚ್ಚು ಕಡಿಮೆ ಅಷ್ಟೇ. ನೂರರಿಂದ ಸಾವಿರನೆಯ ದಿನದವರೆಗೂ ಅಷ್ಟೇ. ಮುಪ್ಪು ಹೆಜ್ಜೆ ಹಾಕುವುದು ದಿನಗಳ ಲೆಕ್ಕದಲ್ಲಲ್ಲ, ಹತ್ತರ ಗುಣಾಕಾರದಲ್ಲಿ. ಉಷ್ಣತೆ ಗಾಜಾಗುವ ಮಟ್ಟಕ್ಕೆ ಹತ್ತಿರವಾದಷ್ಟೂ ಕುಕ್ಕುವ ಕೈಗೆ ಬಲ ಹೆಚ್ಚು. ಯಡ್ರಾಮಿಯ ಬಿಸಿಲಿನಲ್ಲಿ ಕಾದ ಕೊಳವೆಯು ೮೦ ಡಿಗ್ರಿಯನ್ನು ಮುಟ್ಟದಿದ್ದರೂ ಅದರತ್ತ ಬಹುದೂರ ನಡೆದಿರುತ್ತದೆ. ತಂಪಾದ ಕೋಣೆಯಲ್ಲಿ ದೀರ್ಘಕಾಲ ಹಿಡಿಯುವ ಬದಲಾವಣೆ ಅಲ್ಲಿ ಬಲುಬೇಗ ಮುಗಿದುಹೋಗುತ್ತದೆ.

ಇದರಿಂದ ಆಗುವುದೇನು? ಗಾತ್ರದ ಕುಗ್ಗುವಿಕೆ ನೂರರಲ್ಲಿ ಒಂದಂಶಕ್ಕಿಂತಲೂ ಕಡಿಮೆ. ಅಳತೆಪಟ್ಟಿಗೆ ಅದು ಕಾಣದು. ಆದರೆ ಗುಣ ಬದಲಾಗುತ್ತದೆ. ವಸ್ತು ಬಿರುಸಾಗುತ್ತದೆ, ನಿಧಾನವಾಗಿ ಹೇರಿದ ಭಾರವನ್ನು ಮೊದಲಿಗಿಂತ ಚೆನ್ನಾಗಿಯೇ ತಡೆಯುತ್ತದೆ, ಆದರೆ ತಟ್ಟನೆ ಬಿದ್ದ ಪೆಟ್ಟಿಗೆ ಬಾಗಿ ಬಳುಕಿ ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮುಪ್ಪಾದ ಕೊಳವೆ ನೀರಿನ ಒತ್ತಡದ ಪರೀಕ್ಷೆಯಲ್ಲಿ ಗೆದ್ದು, ಟ್ರ್ಯಾಕ್ಟರಿನ ಗಾಲಿಯ ಕೆಳಗೋ ಗುದ್ದಲಿಯ ಏಟಿಗೋ ಗಾಜಿನಂತೆ ಸೀಳಬಹುದು. ಮೋಸವಿರುವುದು ಇಲ್ಲಿಯೇ: ಗಟ್ಟಿತನ ಹೆಚ್ಚಿದಂತೆ ತೋರುವಾಗಲೇ ತಾಳಿಕೆ ತಗ್ಗಿರುತ್ತದೆ.

ಗಾಜಿನಂಥ ವಸ್ತುಗಳು ಸುಮ್ಮನಿರುವುದಿಲ್ಲವೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡವರಿದ್ದರು. ಶಾಖಶಾಸ್ತ್ರದಲ್ಲಿ ಹೆಸರಾದ ಇಂಗ್ಲೆಂಡಿನ ಜೇಮ್ಸ್ ಜೌಲ್ ತನ್ನ ಉಷ್ಣಮಾಪಕವನ್ನು ಕರಗುವ ಮಂಜುಗಡ್ಡೆಯಲ್ಲಿಟ್ಟು, ಸೊನ್ನೆಯ ಗುರುತು ಎಲ್ಲಿ ನಿಲ್ಲುವುದೆಂದು ೧೮೪೪ರಿಂದ ೧೮೮೨ರವರೆಗೆ ನೋಡುತ್ತ ಬಂದನು. ಗುರುತು ವರ್ಷವರ್ಷಕ್ಕೂ ತುಸುತುಸುವೇ ಮೇಲೇರಿತು. ಗಾಜಿನ ಬುರುಡೆ ತನ್ನಷ್ಟಕ್ಕೆ ತಾನೇ ಕುಗ್ಗುತ್ತಿದ್ದುದೇ ಅದಕ್ಕೆ ಕಾರಣ. ೧೯೬೦ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಎ. ಜೆ. ಕೊವಾಕ್ಸ್ ಎಂಬ ವಿಜ್ಞಾನಿ ಪಾಲಿಮರ್‌ಗಳ ಗಾತ್ರವನ್ನು ಸೂಕ್ಷ್ಮವಾಗಿ ಅಳೆದು ಮತ್ತೊಂದು ಬೆರಗನ್ನು ತೋರಿಸಿದನು. ತಣ್ಣನೆಯ ಜಾಗದಲ್ಲಿ ಕೆಲವು ಕಾಲ ಮುಪ್ಪಾಗಿಸಿದ ತುಣುಕನ್ನು, ಅದರ ಗಾತ್ರಕ್ಕೆ ಸರಿಯಾಗಿ ಒಪ್ಪುವ ಹೆಚ್ಚಿನ ಉಷ್ಣತೆಗೆ ತಂದರೆ ಅದು ಅಲ್ಲಿಯೇ ನಿಲ್ಲಬೇಕಷ್ಟೆ? ಅದು ನಿಲ್ಲಲಿಲ್ಲ. ಮೊದಲು ಉಬ್ಬಿತು, ಆಮೇಲೆ ಮೊದಲಿನ ಗಾತ್ರಕ್ಕೆ ಹಿಂದಿರುಗಿತು. ವಸ್ತು ತನ್ನ ಹಿಂದಿನ ಬಾಳನ್ನು ನೆನಪಿಟ್ಟುಕೊಂಡಿತ್ತು. ಹಾಲೆಂಡಿನ ಡೆಲ್ಫ್ಟ್ ನಗರದ ಎಲ್. ಸಿ. ಇ. ಸ್ಟ್ರುಯ್ಕ್ ಎಂಬಾತನು ಹಲವು ಪ್ಲಾಸ್ಟಿಕ್ಕುಗಳನ್ನು, ಅದರಲ್ಲಿಯೂ ಪಿ.ವಿ.ಸಿ.ಯನ್ನು, ವರ್ಷಗಟ್ಟಲೆ ಪರೀಕ್ಷಿಸಿ ೧೯೭೮ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಾಸ್ತ್ರಕ್ಕೆ ತಳಹದಿಯಾಯಿತು.

ಇನ್ನೊಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ಮಾನವನ ಮುಪ್ಪಿಗೆ ಮದ್ದಿಲ್ಲ. ಈ ಮುಪ್ಪಿಗೆ ಇದೆ. ವಸ್ತುವನ್ನು ಗಾಜಾಗುವ ಉಷ್ಣತೆಯ ಮೇಲಕ್ಕೆ ಒಮ್ಮೆ ಕಾಯಿಸಿ ಮತ್ತೆ ತಣಿಸಿದರೆ ಸರಪಳಿಗಳು ಮೊದಲಿನಂತೆ ಸಡಿಲಗೊಂಡು, ಹಿಂದಿನ ವಯಸ್ಸೆಲ್ಲ ಅಳಿಸಿಹೋಗುತ್ತದೆ. ಯಯಾತಿಯು ಮಗನಿಂದ ಬೇಡಿ ಪಡೆದ ಯೌವನ ಪ್ಲಾಸ್ಟಿಕ್ಕಿಗೆ ಬಿಸಿನೀರಿನಿಂದಲೇ ದೊರೆಯುತ್ತದೆ! ಆದರೆ ಪ್ಲಾಸ್ಟಿಕ್ಕಿಗೆ ಮತ್ತೊಂದು ಮುಪ್ಪೂ ಉಂಟು. ಅದು ರಾಸಾಯನಿಕ ಮುಪ್ಪು. ಬಿಸಿಲಿನ ನೇರಳಾತೀತ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ಸರಪಳಿಯನ್ನೇ ಕಡಿಯುತ್ತವೆ. ಪಿ.ವಿ.ಸಿ.ಯಿಂದ ಹೈಡ್ರೋಜನ್ ಕ್ಲೋರೈಡ್ ಕಳಚಿಕೊಂಡು ಹೋಗಿ ಮೈ ಹಳದಿಯಾಗಿ, ಕಂದಾಗಿ, ಪುಡಿಯೇಳುತ್ತದೆ. ಈ ಮುಪ್ಪು ಮರಳಿ ಹೋಗುವಂಥದಲ್ಲ. ಮೊದಲನೆಯದರಲ್ಲಿ ಅಣು ಅದೇ, ಕುಳಿತ ಭಂಗಿ ಬೇರೆ. ಎರಡನೆಯದರಲ್ಲಿ ಅಣುವೇ ಬೇರೆ.

ಎರಡು ಮುಪ್ಪುಗಳೂ ಕೊಳವೆಯನ್ನು ಪೆಡಸು ಮಾಡುತ್ತವೆ. ಬರಿಗಣ್ಣಿಗೆ ಇದು ಯಾವುದೆಂದು ತಿಳಿಯದು. ತಪ್ಪು ಬೆರಕೆ ಮಾಡಿದ ತಯಾರಕನದೋ, ಬಿಸಿಲಿಗಿಟ್ಟ ಅಂಗಡಿಯವನದೋ, ಹೊಲದಲ್ಲಿ ಬಯಲಿಗೆ ಬಿಟ್ಟ ರೈತನದೋ? ಈ ವ್ಯಾಜ್ಯದಲ್ಲಿ ಸಾಕ್ಷಿ ನುಡಿಯಬಲ್ಲದ್ದು ಬೆಳಕು. ವಸ್ತುವಿನ ಮೇಲೆ ಬೆಳಕನ್ನೋ ಬೇರೊಂದು ಕಿರಣವನ್ನೋ ಹಾಯಿಸಿ, ಹೊರಬಂದುದನ್ನು ಬಣ್ಣಬಣ್ಣಗಳಾಗಿ ಬಿಡಿಸಿ ನೋಡುವ ವಿದ್ಯೆಯೇ ರೋಹಿತ ದರ್ಶನ.

ಅವಕೆಂಪು ಕಿರಣ ಕಣ್ಣಿಗೆ ಕಾಣದು. ಆದರೆ ಅಣುಗಳ ಕೊಂಡಿಗಳು ಒಂದೊಂದೂ ತನ್ನ ತನ್ನ ಶ್ರುತಿಗೆ ಹೊಂದುವ ಕಿರಣವನ್ನು ಹೀರಿ ನಡುಗುತ್ತವೆ. ಆಮ್ಲಜನಕ ಬಂದು ಸೇರಿದ ಪ್ಲಾಸ್ಟಿಕ್ಕಿನಲ್ಲಿ, ಸೆಂಟಿಮೀಟರಿಗೆ ೧೭೨೦ ತರಂಗಗಳ ಸುಮಾರಿನಲ್ಲಿ, ಮೊದಲಿಲ್ಲದ ಹೊಸ ಪಟ್ಟೆಯೊಂದು ಏಳುತ್ತದೆ. ಅದು ಕಂಡಿತೆಂದರೆ ರಾಸಾಯನಿಕ ಮುಪ್ಪಿನ ಕೈವಾಡ ಇದೆಯೆಂದೇ ಅರ್ಥ. ಭೌತಿಕ ಮುಪ್ಪಿನಲ್ಲಿ ಹೊಸ ಪಟ್ಟೆ ಮೂಡುವುದಿಲ್ಲ; ಇದ್ದ ಪಟ್ಟೆಗಳ ಬಲಾಬಲ ಮಾತ್ರ ತುಸು ಬದಲಾಗುತ್ತದೆ. ಬಾಟಲಿಯ ಪ್ಲಾಸ್ಟಿಕ್ಕಿನಲ್ಲಿ ಸರಪಳಿಯ ಭಾಗ ನೀಳವಾಗಿ ಚಾಚಿದ್ದರೆ ೧೩೪೦ರ ಬಳಿ, ಬಾಗಿ ಮುರುಟಿದ್ದರೆ ೧೩೭೦ರ ಬಳಿ ಪಟ್ಟೆ ಕಾಣುತ್ತದೆ. ಪಿ.ವಿ.ಸಿ.ಯಲ್ಲಿ ಇಂಗಾಲ ಕ್ಲೋರಿನ್ ಕೊಂಡಿಗಳ ಪಟ್ಟೆಗಳು ೬೦೦ರಿಂದ ೭೦೦ರ ನಡುವೆ ಇದ್ದು, ಸರಪಳಿಯ ಭಂಗಿಯನ್ನು ಹೇಳುತ್ತವೆ. ಸಭೆಯಲ್ಲಿ ಎಷ್ಟು ಜನ ಕಾಲು ಚಾಚಿದ್ದಾರೆ, ಎಷ್ಟು ಜನ ಮಡಿಸಿದ್ದಾರೆ ಎಂದು ದೂರದಿಂದ ಎಣಿಸಿದಂತೆ ಈ ಪರೀಕ್ಷೆ.

ಎರಡನೆಯ ಸಾಕ್ಷಿಯ ಹೆಸರು ಕನ್ನಡ ನಾಡಿಗೆ ಚಿರಪರಿಚಿತ. ಸರ್ ಸಿ. ವಿ. ರಾಮನ್ ಅವರು ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಕಂಡ ಪರಿಣಾಮಕ್ಕೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ೧೯೩೩ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು; ೧೯೪೮ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. ಒಂದೇ ಬಣ್ಣದ ಬೆಳಕು ವಸ್ತುವಿನಲ್ಲಿ ಚೆದರುವಾಗ ಅದರ ಒಂದು ಅತ್ಯಲ್ಪ ಭಾಗ ಅಣುಗಳ ನಡುಕಕ್ಕೆ ತಕ್ಕಂತೆ ಬಣ್ಣ ಬದಲಿಸಿ ಬರುವುದೇ ಆ ಪರಿಣಾಮ. ಪಿ.ವಿ.ಸಿ.ಯ ಸರಪಳಿಯಿಂದ ಹೈಡ್ರೋಜನ್ ಕ್ಲೋರೈಡ್ ಕಳಚಿದ ಕಡೆ ಜೋಡಿ ಕೊಂಡಿಗಳ ಸಾಲು ಹುಟ್ಟುತ್ತದೆಯಷ್ಟೆ. ಅದನ್ನು ರಾಮನ್ ರೋಹಿತವು ಕಣ್ಣಿಗೆ ಹಳದಿ ಕಾಣುವ ಮೊದಲೇ ಪತ್ತೆಹಚ್ಚಬಲ್ಲದು.

ಆದರೆ ಭೌತಿಕ ಮುಪ್ಪಿನ ಮರ್ಮವಿರುವುದು ಕೊಂಡಿಗಳಲ್ಲಲ್ಲ, ಕೊಂಡಿಗಳ ನಡುವಣ ಶೂನ್ಯದಲ್ಲಿ. ಇಲ್ಲದುದನ್ನು ಅಳೆಯುವುದು ಹೇಗೆ? ಇದಕ್ಕೆ ಪಾಸಿಟ್ರಾನ್ ಎಂಬ ಕಣ ಒದಗಿತು. ಎಲೆಕ್ಟ್ರಾನಿನ ಪ್ರತಿಬಿಂಬದಂಥ ಈ ಕಣ ಸೋಡಿಯಂ ೨೨ ಎಂಬ ವಿಕಿರಣಶೀಲ ಧಾತುವಿನಿಂದ ಹೊರಬೀಳುತ್ತದೆ. ಅದರ ಹುಟ್ಟಿನ ಜೊತೆಗೇ ಒಂದು ಗಾಮಾ ಕಿರಣ ಬಂದು ‘ಹುಟ್ಟಿತು’ ಎಂದು ಸಾರುತ್ತದೆ. ಎಲೆಕ್ಟ್ರಾನನ್ನು ಕೂಡಿ ಎರಡೂ ಇಲ್ಲವಾದಾಗ ಬೇರೆ ಶಕ್ತಿಯ ಗಾಮಾ ಕಿರಣ ಹೊರಟು ‘ಸತ್ತಿತು’ ಎನ್ನುತ್ತದೆ. ಎರಡು ಸುದ್ದಿಗಳ ನಡುವಣ ಕಾಲವೇ ಆಯುಷ್ಯ. ಸಾಯುವ ಮುನ್ನ ಕೆಲವು ಪಾಸಿಟ್ರಾನುಗಳು ಎಲೆಕ್ಟ್ರಾನಿನೊಡನೆ ಜೋಡಿಯಾಗಿ ಪಾಸಿಟ್ರೋನಿಯಂ ಎಂಬ ಕ್ಷಣಿಕ ಸಂಸಾರವನ್ನು ಹೂಡುತ್ತವೆ. ಅದರಲ್ಲಿ ಹೆಚ್ಚು ಬಾಳುವ ಬಗೆಯು ಬರಿಯ ಶೂನ್ಯದಲ್ಲಿ ೧೪೨ ನ್ಯಾನೋಸೆಕೆಂಡು ಬದುಕುತ್ತದೆ. ಒಂದು ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಪಾಲಿಮರಿನೊಳಗೆ ಈ ಸಂಸಾರ ತೆರಪುಗಳಲ್ಲಿಯೇ ಬಿಡಾರ ಹೂಡುತ್ತದೆ. ಗೋಡೆಗೆ ತಾಗಿ ತಾಗಿ ಎರಡು ನ್ಯಾನೋಸೆಕೆಂಡಿನ ಸುಮಾರಿಗೇ ಮುಗಿದುಹೋಗುತ್ತದೆ. ಕೋಣೆ ದೊಡ್ಡದಾದರೆ ಆಯುಷ್ಯ ಹೆಚ್ಚು, ಚಿಕ್ಕದಾದರೆ ಕಡಿಮೆ. ಹೀಗೆ ಆಯುಷ್ಯದಿಂದ ಕೋಣೆಯ ಅಳತೆ ಸಿಕ್ಕುತ್ತದೆ. ಆ ಕೋಣೆಯ ಅಗಲವೋ ಮಿಲಿಮೀಟರಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು!

ಈ ವಿದ್ಯೆಯನ್ನು ಕನ್ನಡ ನಾಡಿನಲ್ಲಿ ಬೆಳೆಸಿದ್ದು ಮೈಸೂರಿನ ಮಾನಸಗಂಗೋತ್ರಿ. ಅಲ್ಲಿಯ ಭೌತಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಸಿ. ರಂಗನಾಥಯ್ಯನವರೂ ಅವರ ಶಿಷ್ಯರೂ ಪಾಸಿಟ್ರಾನುಗಳ ಆಯುಷ್ಯವನ್ನು ಅಳೆದು ಬಗೆಬಗೆಯ ಪಾಲಿಮರ್‌ಗಳ ಒಳತೆರಪನ್ನು ಪರಿಶೀಲಿಸಿದರು. ಪಾಲಿಕಾರ್ಬೊನೇಟಿನ ಮೇಲೂ ಎ.ಬಿ.ಎಸ್. ಪ್ಲಾಸ್ಟಿಕ್ಕಿನ ಮೇಲೂ ನೇರಳಾತೀತ ಕಿರಣ ಬಿದ್ದಾಗ ಒಳತೆರಪುಗಳಿಗೆ ಏನಾಗುವುದೆಂಬ ಅವರ ಅಧ್ಯಯನ ೨೦೦೦ದಲ್ಲಿ ಪ್ರಕಟವಾಯಿತು. ದೂರದ ಪ್ರಯೋಗಶಾಲೆಯಲ್ಲಿ ನಡೆದ ಕೆಲಸವೆಂದು ಯಡ್ರಾಮಿಯ ರೈತನು ಇದನ್ನು ಬದಿಗೊತ್ತಬೇಕಾಗಿಲ್ಲ. ಅವನ ಹೊಲದ ಕೊಳವೆಯ ಮೇಲೆ ದಿನವೂ ಬೀಳುವುದು ಅದೇ ಕಿರಣ.

ಸಾಕ್ಷಿ ಎಷ್ಟೇ ನಿಪುಣನಾದರೂ ಪಾಟೀಸವಾಲು ತಪ್ಪದು. ಹಲವು ಪಾಲಿಮರ್‌ಗಳಲ್ಲಿ ಮುಪ್ಪು ಏರಿದಂತೆ ಪಾಸಿಟ್ರೋನಿಯಂ ಹುಟ್ಟುವ ಪ್ರಮಾಣ ಇಳಿಯುವುದನ್ನು ವಿಜ್ಞಾನಿಗಳು ಕಂಡರು; ತೆರಪು ಮುಚ್ಚಿಕೊಂಡುದರ ಗುರುತೆಂದು ಬಗೆದರು. ಆದರೆ ಬಹಳ ಹೊತ್ತು ಪಾಸಿಟ್ರಾನುಗಳನ್ನು ಸುರಿಸುತ್ತಿದ್ದರೆ ಆ ವಿಕಿರಣದಿಂದಲೇ ಪ್ಲಾಸ್ಟಿಕ್ಕಿನೊಳಗೆ ವಿದ್ಯುದಂಶಗಳು ಸಿಕ್ಕಿಕೊಂಡು, ಮುಪ್ಪಿಲ್ಲದಿದ್ದರೂ ಪ್ರಮಾಣ ಇಳಿಯಬಲ್ಲದೆಂದು ಮುಂದೆ ತಿಳಿಯಿತು. ನಾಡಿ ನೋಡುವ ಕೈಯೇ ನಾಡಿಯನ್ನು ಬದಲಿಸಿದಂತಾಯಿತು. ಆದುದರಿಂದ ಎಚ್ಚರವುಳ್ಳ ಸಂಶೋಧಕನು ಮುಪ್ಪಾದ ತುಣುಕನ್ನೂ ಕಾಯಿಸಿ ಹರೆಯಕ್ಕೆ ತಂದ ತುಣುಕನ್ನೂ ಒಂದೇ ಕಾಲ, ಒಂದೇ ರೀತಿ ಪರೀಕ್ಷಿಸಿ, ಎರಡರ ವ್ಯತ್ಯಾಸವನ್ನೇ ಲೆಕ್ಕಕ್ಕೆ ಹಿಡಿಯುತ್ತಾನೆ.

ಇಷ್ಟರಿಂದ ಒಡೆದ ಕೊಳವೆಯ ವ್ಯಾಜ್ಯವನ್ನು ಬಿಡಿಸುವ ದಾರಿ ತೆರೆಯುತ್ತದೆ. ಕೊಳವೆಯ ಮೇಲ್ಮೈಯಿಂದಲೂ ಗೋಡೆಯ ನಡುವಿನಿಂದಲೂ ಸಣ್ಣ ಚೂರು ತೆಗೆದು ಅವಕೆಂಪು ರೋಹಿತವನ್ನು ನೋಡಬೇಕು. ಹೊರಮೈಯಲ್ಲಿ ಹೊಸ ಪಟ್ಟೆ ಎದ್ದಿದ್ದರೆ ಬಿಸಿಲಿನ ಕೈವಾಡ. ಎಲ್ಲಿಯೂ ಹೊಸ ಪಟ್ಟೆ ಇಲ್ಲದೆಯೂ ಕೊಳವೆ ಪೆಡಸಾಗಿದ್ದರೆ, ಇನ್ನೊಂದು ತುಣುಕನ್ನು ೮೦ ಡಿಗ್ರಿಗಿಂತ ತುಸು ಮೇಲಕ್ಕೆ ಕಾಯಿಸಿ ತಣಿಸಿ, ಮತ್ತೆ ಪೆಟ್ಟಿನ ಪರೀಕ್ಷೆಗೆ ಒಡ್ಡಬೇಕು. ಕಳೆದುಹೋದ ತಾಳಿಕೆ ಮರಳಿದರೆ ಅದು ಭೌತಿಕ ಮುಪ್ಪು. ಮರಳದಿದ್ದರೆ ಬೆರಕೆಯಲ್ಲಿಯೋ ತಯಾರಿಕೆಯಲ್ಲಿಯೋ ದೋಷವನ್ನು ಹುಡುಕಬೇಕು.

ಗ್ರಾಮದ ಕೆಲಸಗಾರರು ಈ ಪ್ರಯೋಗದ ಅರ್ಧವನ್ನು ಅರಿಯದೆಯೇ ಮಾಡುತ್ತಿರುವುದುಂಟು. ಒಂದು ಕೊಳವೆಯ ತುದಿಯನ್ನು ಹತ್ತಿಕಟ್ಟಿಗೆಯ ಉರಿಗೆ ಹಿಡಿದು ಮೆತ್ತಗೆ ಮಾಡಿ, ಇನ್ನೊಂದರ ತುದಿಯನ್ನು ಅದರೊಳಗೆ ತೂರಿಸುವುದು ಹಳ್ಳಿಗಳಲ್ಲಿ ಕಾಣುವ ಪದ್ಧತಿ. ಕಾದ ಅಷ್ಟು ಭಾಗಕ್ಕೆ ಹರೆಯ ಬಂದಿರುತ್ತದೆ. ಆದರೆ ಉರಿಗೆ ಅಳತೆಯಿಲ್ಲ. ಮೈ ಸೀದು ಕಪ್ಪಾಯಿತೆಂದರೆ ಒಂದು ಮುಪ್ಪನ್ನು ಕಳೆದು ಅದಕ್ಕಿಂತ ಕೆಟ್ಟ ಮತ್ತೊಂದನ್ನು ತಂದುಕೊಂಡಂತೆ. ಏಳುವ ಹೊಗೆಯೂ ಶ್ವಾಸಕ್ಕೆ ಕೇಡು. ಜೋಡಣೆಗೆ ತಕ್ಕ ಕೂಡುಗೊಳವೆಯೂ ಅಂಟೂ ದೊರೆಯುವಾಗ ಉರಿಯ ಹಂಗು ಬೇಡ.

ಎಲ್ಲ ಪ್ಲಾಸ್ಟಿಕ್ಕಿಗೂ ಒಂದೇ ನ್ಯಾಯವಲ್ಲವೆಂಬುದನ್ನೂ ಮರೆಯಬಾರದು. ಮಾಳಿಗೆಯ ಮೇಲಿನ ಕಪ್ಪು ನೀರಿನ ತೊಟ್ಟಿ ಪಾಲಿಥೀನಿನದು. ಅದರ ಗಾಜಾಗುವ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿದೆ. ಆದುದರಿಂದ ಇಲ್ಲಿ ಹೇಳಿದ ಬಗೆಯ ಮುಪ್ಪು ಅದಕ್ಕೆ ಮುಖ್ಯ ಶತ್ರುವಲ್ಲ. ಅದರ ಶತ್ರು ಬಿಸಿಲು. ಬೆರೆಸಿದ ಇಂಗಾಲದ ಕಪ್ಪು ಅದಕ್ಕೆ ಕೊಡೆ. ವಿಮಾನದ ರೆಕ್ಕೆಗಳಲ್ಲಿ ಇಂಗಾಲದ ಎಳೆಗಳನ್ನು ಹಿಡಿದಿಟ್ಟಿರುವ ಎಪಾಕ್ಸಿ ರಾಳವಾದರೋ ಗಾಜಿನ ಸ್ಥಿತಿಯದು. ೨೦೦೧ರ ಜನವರಿ ೪ರಂದು ಬೆಂಗಳೂರಿನ ಬಾನಿಗೆ ಮೊದಲು ಏರಿದ ಹಗುರ ಯುದ್ಧವಿಮಾನದ ಮೈಯ ಬಹುಭಾಗ ಇಂಥ ಸಂಯೋಜಿತ ವಸ್ತುವಿನದು. ಅಂಥ ಕಡೆ ಮುಪ್ಪಿನ ಲೆಕ್ಕ ಬರಿಯ ಕುತೂಹಲವಲ್ಲ, ಪ್ರಾಣದ ಪ್ರಶ್ನೆ.

ಹೊಲದವನಿಗೆ ಬೇಕಾದ ನೀತಿ ಮಾತ್ರ ಸರಳ. ಕೊಳವೆಯನ್ನು ಕೊಳ್ಳುವಾಗ ಮೈಮೇಲೆ ಮುದ್ರಿಸಿದ ಐ.ಎಸ್. ೪೯೮೫ ಎಂಬ ಗುರುತನ್ನು ನೋಡುವಂತೆಯೇ, ಅದು ಎಲ್ಲಿ ಮಲಗಿತ್ತೆಂಬುದನ್ನೂ ಕೇಳಬೇಕು. ತಂದ ಮೇಲೆ ನೆರಳಿನಲ್ಲಿ, ಗಾಳಿಯಾಡುವಂತೆ, ಸಮನಾದ ನೆಲದ ಮೇಲೆ ಇಡಬೇಕು. ಬಿಸಿಲಿನಲ್ಲಿ ಬಾಗಿದಂತೆ ಒರಗಿಸಿಟ್ಟರೆ ಸರಪಳಿಗಳು ಬಾಗಿದ ಭಂಗಿಯಲ್ಲಿಯೇ ಮುಪ್ಪಾಗುತ್ತವೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವಂಥದು; ಆದಕಾರಣ ಕೊಳವೆಯ ಸುತ್ತ ಮರಳು ತುಂಬಿ, ಗಾಲಿಯ ಭಾರ ತಾಗದಷ್ಟು ಆಳಕ್ಕೆ ಹೂಳಬೇಕು. ಹೂಳಿದ ಕೊಳವೆಗೆ ಬಿಸಿಲಿನ ಮುಪ್ಪು ತಟ್ಟದು. ಕಾಲದ ಮುಪ್ಪೂ ತಂಪಿನಲ್ಲಿ ಮೆಲ್ಲಗೆ ನಡೆಯುತ್ತದೆ.

ನೆರಳಿಗೆ ಕಾಸು ಕೊಡಬೇಕಾಗಿಲ್ಲ. ಒಂದು ಬೇವಿನ ಮರವೋ ನಾಲ್ಕು ಗಳದ ಚಪ್ಪರವೋ ಇದ್ದರೆ ಸಾಕು. ಅಣುವಿನೊಳಗಿನ ಕೋಣೆಯನ್ನು ಅಳೆದು ಬಂದ ವಿಜ್ಞಾನವೂ ಕೊನೆಗೆ ರೈತನಿಗೆ ಹೇಳುವುದು ಈ ಒಂದು ಮಾತನ್ನೇ.